ಮುಕ್ಕಾದ ಆರು

ಬೆಳಗಿನಿಂದ ಇದು ನಾಲ್ಕನೇ ಸಲ ಅವನು ಆ ರಾಡನ್ನು ತಕ್ಕಡಿಯ ಮೇಲೆ ಇಡುತ್ತಿದ್ದ. ಆರುನೂರ ಎಂಬತ್ತನಾಲ್ಕು ಗ್ರಾಂ. ನಿನ್ನೆಯೂ ಅಷ್ಟೇ ಇತ್ತು. ಹನ್ನೊಂದು ವರ್ಷದ ಹಿಂದೆ ಅವನೇ ಅರ ಹಿಡಿದು ಉಜ್ಜಿ ಉಜ್ಜಿ ಇದರ ಮೂವರು ಒಡಹುಟ್ಟಿದವರ ತೂಕಕ್ಕೆ ತಂದು ನಿಲ್ಲಿಸಿದಾಗಲೂ ಅಷ್ಟೇ ಇತ್ತು. ಬಿರುಕಿಗೆ ತೂಕ ಇರುವುದಿಲ್ಲ. ಗೊತ್ತಿದ್ದೂ, ಒಂದರ್ಧ ಗ್ರಾಮಾದರೂ ಕಡಿಮೆ ತೋರಿಸಲಿ ಎಂದು ಮುಳ್ಳಿನ ಕಡೆಗೇ ನೋಡುತ್ತಿದ್ದ. ಕಡಿಮೆ ತೋರಿಸಿದ್ದರೆ ಏನೋ ಒಂದು ಸೋರಿಹೋಗಿದೆ ಎಂದಾಗುತ್ತಿತ್ತು, ಸೋರಿದ್ದನ್ನು ಹುಡುಕಬಹುದಿತ್ತು. ರಾಡು ಒಂದು ಗೇಣುದ್ದದ ಉಕ್ಕಿನ ತೋಳು. ಮೇಲೆ ಪಿಸ್ಟನ್ ಹಿಡಿಯುವ ಚಿಕ್ಕ ಬಾಯಿ, ಕೆಳಗೆ ಕ್ಯಾಪು ಹಾಕಿ ಕ್ರ್ಯಾಂಕನ್ನು ತಬ್ಬುವ ದೊಡ್ಡ ಬಾಯಿ, ನಡುವೆ ಸಣಕಲು ಮೈ. ಇಂಜಿನ್ ಓಡುವಾಗ ನಿಮಿಷಕ್ಕೆ ಸಾವಿರಾರು ಸಲ ಈ ಮೈಯನ್ನು ಎಳೆಯುತ್ತದೆ, ಅಮುಕುತ್ತದೆ, ಮತ್ತೆ ಎಳೆಯುತ್ತದೆ. "ಏನ್ ಯಜಮಾನ್ರೆ, ಅದಕ್ಕೇನು ಉಪವಾಸ ಹಾಕಿದ್ದೀರಾ? ಇಳೀತಾ ಇಳೀತಾ ಅಂತ ನೋಡ್ತಾನೇ ಇದ್ದೀರಿ" ಎಂದು ಲೇತಿನ ಮುಂದೆ ನಿಂತವನು ಕೂಗಿದ. ಇಪ್ಪತ್ತು ವರ್ಷದಿಂದ ಅದೇ ಲೇತಿನ ಮುಂದೆ ನಿಂತವನು. ಬಾಯಿ ಸುಮ್ಮನಿದ್ದರೆ ಮಿಷನ್ ಕೆಟ್ಟಿದೆ ಎಂದು ಅರ್ಥ. ತಕ್ಕಡಿಯ ಮುಂದಿದ್ದವನು ನಗಲು ನೋಡಿದ. ಯಾರೂ ಏನೂ ಕೇಳಿರಲಿಲ್ಲ, ಆದರೂ ಕೈ ತಾನಾಗಿ ಹೋಗಿ ಒರೆಸುವ ಬಟ್ಟೆಯನ್ನು ರಾಡಿನ ಮೇಲೆ ಎಳೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಿಗೆ ಯಾರೋ ಹಾಗಂತ ಕೂಗಿಯಾದರೂ ಇದ್ದರು. ತಾನು ಯಾರೂ ಕೂಗದೆಯೇ ಮುಟ್ಟಿಕೊಳ್ಳುತ್ತಿದ್ದೇನೆ ಎನಿಸಿತು.

ನಿನ್ನೆ ಮಧ್ಯಾಹ್ನ ಅದು ಕಂಡಿದ್ದು. ಇಂಜಿನ್ ಬಂದದ್ದೇನೋ ಬೇರೆ ದೂರಿಗೆ. ಹೊಗೆ ನೀಲಿ ಬರುತ್ತೆ, ಎಣ್ಣೆ ಕುಡಿಯುತ್ತೆ. ಎರಡೇ ಸೀಟಿನ, ತಲೆಯ ಮೇಲೆ ಮುಚ್ಚಿಗೆಯಿಲ್ಲದ ಹಳೆಯ ಸ್ಪೋರ್ಟ್ಸ್ ಕಾರು. ಅದರ ಒಡೆಯರು ಹಲ್ಲಿನ ಡಾಕ್ಟರು. ಭಾನುವಾರ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಗುಡ್ಡದ ರಸ್ತೆಯನ್ನು ಹತ್ತಿ ಇಳಿಯುವುದೇ ಅವರಿಗೆ ವಾರದ ಸಂಬಳ. ಇಂಜಿನ್ ಬಿಚ್ಚಿದ ಮೇಲೆ ಅಭ್ಯಾಸಬಲದಿಂದ ನಾಲ್ಕೂ ರಾಡುಗಳಿಗೆ ಕೆಂಪು ದ್ರಾವಣ ಬಳಿದು, ಒರೆಸಿ, ಬಿಳಿ ಪುಡಿ ಸಿಂಪಡಿಸಿ ಕಾದ. ಒಳಗೆ ಬಿರುಕಿದ್ದರೆ ಅಲ್ಲಿ ಅಡಗಿದ ಕೆಂಪು ನಿಧಾನಕ್ಕೆ ಬಿಳಿಯ ಮೇಲೆ ಜಿನುಗುತ್ತದೆ. ಮೊದಲನೆಯದು ಬೆಳ್ಳಗೆ ಉಳಿಯಿತು. ಎರಡನೆಯದೂ. ಮೂರನೆಯದರ ಮೈಮೇಲೆ, ಕೂದಲೆಳೆಯಷ್ಟು ತೆಳ್ಳಗೆ, ಯಾರೋ ಉಗುರಿನಿಂದ ಗೀರಿದ ಹಾಗೆ ಅಡ್ಡಕ್ಕೆ ಒಂದು ಗೆರೆ ಎದ್ದು ಬಂತು. ಎದ್ದು ಬಂದದ್ದು ಎಲ್ಲಿಂದಲೋ ಅಲ್ಲ, ಅವನು ಪಂಚು ಎಂಬ ಉಕ್ಕಿನ ಅಚ್ಚಿನಿಂದ ಹೊಡೆದು ಮೂಡಿಸಿದ್ದ ಅಂಕಿಯಿಂದ. 684 ಎಂಬುದರ ಆರರಿಂದ. ಡಾಕ್ಟರು ಸಂಜೆ ಫೋನ್ ಮಾಡಿದಾಗ, "ರಾಡ್ ಸೆಟ್ ಬದಲಾಯಿಸೋದು ಒಳ್ಳೇದು ಡಾಕ್ಟ್ರೇ, ಲೋಹಕ್ಕೂ ವಯಸ್ಸಾಗುತ್ತೆ" ಎಂದುಬಿಟ್ಟಿದ್ದ. "ನಮ್ಮ ಹಾಗೇ ಅನ್ನಿ!" ಎಂದು ಅವರು ನಕ್ಕರು. "ನೀವು ಆರಿಸಿದ್ದೇ ನನಗೆ ಸರಿ ತಕ್ಕಡಿ ಸಾಹೇಬ್ರೆ. ಆದ್ರೆ ಒಂದು, ಹುಟ್ಟಿದಾಗಿನ ಕಂಪನಿ ಮಾಲೇ ಸಿಕ್ಕಿದ್ರೆ ಚೆನ್ನ. ಕಟ್ಟಿಸಿದ ಹಲ್ಲು ಎಷ್ಟು ಚೆನ್ನಾಗಿದ್ರೂ ನಾಲಿಗೆಗೆ ಗೊತ್ತಾಗುತ್ತೆ ನೋಡಿ. ನಾಳೆ ಐದು ಗಂಟೆಗೆ ಫೋನ್ ಮಾಡ್ತೀನಿ, ಯಾವುದು ಅಂತ ಹೇಳಿಬಿಡಿ." ಅವರ ನಂಬಿಕೆಯಲ್ಲಿ ಒಂದು ಗ್ರಾಮೂ ಹೆಚ್ಚುಕಡಿಮೆ ಇರಲಿಲ್ಲ.

ತಕ್ಕಡಿ ಎಂಬುದು ಅವನಿಗೆ ಬಿದ್ದ ಹೆಸರು. ಈ ಸುತ್ತಿನಲ್ಲಿ ಈ ಜಾತಿಯ ಇಂಜಿನ್ ಬಿಚ್ಚಬಲ್ಲವನು ಅವನೊಬ್ಬನೇ. ಬಿಚ್ಚಿದ ಪ್ರತಿ ಇಂಜಿನ್ನಿನ ನಾಲ್ಕು ರಾಡುಗಳನ್ನೂ ಒಂದೇ ತೂಕಕ್ಕೆ ತಂದು, ಆ ತೂಕವನ್ನು ರಾಡಿನ ಮೈಮೇಲೆ, ನಡುಮಧ್ಯದ ಹಳ್ಳದಲ್ಲಿ, ಸಾಲಾಗಿ ಮೂರು ಅಂಕಿ ಹೊಡೆದು ಕಾಣಿಸುವುದು ಅವನ ಪದ್ಧತಿ. ಕೆಳಗಿನಿಂದ ಬಗ್ಗಿ ನೋಡಿದವರಿಗೆ ನಾಲ್ಕೂ ತೋಳುಗಳ ಮೇಲೆ ಅದೇ ಅಂಕಿ ಕಾಣಬೇಕು, ಯಾರು ಮಾಡಿದ್ದೆಂದು ಕೇಳದೆಯೇ ಗೊತ್ತಾಗಬೇಕು. ಅವನ ಗುರು, ನಾಲ್ಕು ಬೆರಳಿನ ಮುದುಕ, ಮೊದಲ ದಿನವೇ ಹೇಳಿದ್ದ: "ನಂಬರ್ ಹಾಕೋದಿದ್ರೆ ಕೆಳಗೆ, ಕ್ಯಾಪಿನ ಪಕ್ಕ ದಪ್ಪ ಇರೋ ಕಡೆ ಹಾಕು. ಮೈಮೇಲೆ ಒಂದು ಗೀರೂ ಬೀಳಬಾರದು. ರಾಡು ಎಲ್ಲಾ ಮರೆಯುತ್ತೆ ಮಗನೇ, ಮೈಮೇಲೆ ಬಿದ್ದ ಏಟು ಮರೆಯಲ್ಲ." ಗುರು ಸತ್ತ ವರ್ಷವೇ ಅವನು ಮೈಮೇಲೆ ಹೊಡೆಯಲು ಶುರು ಮಾಡಿದ. ಗೊತ್ತಿಲ್ಲದೆ ಮಾಡಿದ್ದಲ್ಲ, ಮರೆತು ಮಾಡಿದ್ದೂ ಅಲ್ಲ. ಕ್ಯಾಪಿನ ಪಕ್ಕ ಹಾಕಿದರೆ ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೇ. ಒಂದೆರಡು ವರ್ಷ ಏನೂ ಆಗದಿದ್ದಾಗ ಮುದುಕನದು ಹಳೇ ಕಾಲದ ಅಂಜಿಕೆ ಎಂದುಕೊಂಡ. ಆಮೇಲೆ ಅಂದುಕೊಳ್ಳುವುದನ್ನೂ ಬಿಟ್ಟ.

"ಅಪ್ಪ, ಇದರಲ್ಲಿ ಎರಡು ಥರ ಇದೆ" ಎಂದಳು ಮಗಳು. ಅವಳು ಮೂಲೆಯ ಮೇಜಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಓದು ಮುಗಿದು ಮೂರು ತಿಂಗಳಾಯಿತು. ಎರಡು ಕಡೆ ಸಂದರ್ಶನಕ್ಕೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿದ್ದೂ ಬಾಯಿ ಬಿಡದೆ ಎದ್ದು ಬಂದಿದ್ದಳು. ಸದ್ಯಕ್ಕೆ ಅಪ್ಪನ ಪತ್ರ, ಪಟ್ಟಿ, ಹೊರದೇಶದ ಕ್ಯಾಟಲಾಗು ಎಲ್ಲ ಅವಳದೇ. ಬರೆಯುವುದೆಂದರೆ ಅಚ್ಚುಕಟ್ಟು, ಫೋನ್ ಮಾತ್ರ ಮುಟ್ಟುವುದಿಲ್ಲ. ಅದು ಬಡಿದುಕೊಂಡರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹಿಂದಕ್ಕೆ ಹೋಗುತ್ತಾಳೆ. "ಒಂದು ಎಚ್ ಆಕಾರದ ಮೈ, ಇನ್ನೊಂದು ಐ ಆಕಾರದ್ದು."

"ಯಾವುದು ಗಟ್ಟಿಯಂತೆ?"

"ಎರಡೂ ಗಟ್ಟಿ ಅಂತಲೇ ಬರೆದಿದ್ದಾರೆ. ಮಾರೋರು ಮೆತ್ತಗಿದೆ ಅಂತ ಬರೀತಾರಾ?"

ಅವನಿಗೆ ನಗು ಬಂತು. ಆದರೆ ಅದು ಮುಖಕ್ಕೆ ಬರುವಷ್ಟರಲ್ಲಿ ಅವಳು ಮತ್ತೆ ಪರದೆಯ ಕಡೆ ತಿರುಗಿದ್ದಳು. ಅವರಿಬ್ಬರ ನಡುವೆ ಯಾವಾಗಲೂ ಹೀಗೆ, ಒಂದು ಅರೆಗಳಿಗೆಯ ತಡ. ತೂಕ ಎಷ್ಟು ಎಂದ. ಐನೂರ ಎಪ್ಪತ್ತು, ನಾಲ್ಕೂ ಒಂದೇ, ಅರ್ಧ ಗ್ರಾಮಿನ ವ್ಯತ್ಯಾಸವೂ ಇರಲ್ಲವಂತೆ ಎಂದಳು. "ಹೋಯ್ತಲ್ಲ, ನಿಮ್ಮ ತಕ್ಕಡಿಗೆ ಪಿಂಚಣಿ!" ಎಂದ ಲೇತಿನವನು. ಐನೂರ ಎಪ್ಪತ್ತೆಂದರೆ ನೂರಾ ಹದಿನಾಲ್ಕು ಗ್ರಾಂ ಹಗುರ. ಕ್ರ್ಯಾಂಕಿನ ಎದುರುಭಾರವನ್ನೂ ಹೊಸದಾಗಿ ಹೊಂದಿಸಬೇಕು, ಡಾಕ್ಟರ ನಾಲಿಗೆಗೆ ಕಟ್ಟಿಸಿದ ಹಲ್ಲು ಗೊತ್ತಾಗುತ್ತದೆ, ಬರಲು ತಿಂಗಳು ಬೇಕು. ಆದರೆ ಗಟ್ಟಿ. ಅವನ ಅರ, ಅವನ ಕಣ್ಣು, ಅವನ ಕೈ ಯಾವುದೂ ಬೇಡದಷ್ಟು ಗಟ್ಟಿ. "ಅದಕ್ಕೆ ನಂಬರ್ ಎಲ್ಲಿ ಹಾಕಿರ್ತಾರೆ?" ಎಂದು ಕೇಳಿದವನಿಗೆ ತನ್ನ ದನಿಯೇ ಯಾರದೋ ಅನ್ನಿಸಿತು. ಅವಳು ಚಿತ್ರವನ್ನು ದೊಡ್ಡದು ಮಾಡಿದಳು. "ಕೆಳಗೆ, ಕ್ಯಾಪ್ ಹತ್ರ. ಲೇಸರಲ್ಲಿ ಬರೆದಿದ್ದಾರೆ. ಯಾಕೆ?" ಸುಮ್ಮನೆ ಕೇಳಿದೆ ಎಂದ. ಇನ್ನೊಂದು ದಾರಿಯಿತ್ತು. ಗುಜರಿಯವನ ಹತ್ತಿರ ಅದೇ ಜಾತಿಯ ಇಂಜಿನ್ನಿನಿಂದ ಬಿಚ್ಚಿದ ಒಂದು ಸೆಟ್ ಇದೆಯಂತೆ, ಕಂಪನಿ ಮಾಲೇ, ಮಧ್ಯಾಹ್ನ ಕಳಿಸುತ್ತೇನೆಂದಿದ್ದ. ಅದು ಚೆನ್ನಾಗಿದ್ದರೆ ಎಲ್ಲ ಸುಸೂತ್ರ. ಬಿರುಕು ಬಿಟ್ಟದ್ದನ್ನು ಕರಗಿಸಲು ಕಳಿಸಿದರಾಯಿತು, ಯಾರಿಗೂ ಏನೂ ಹೇಳಬೇಕಾಗಿಲ್ಲ.

ಆರರ ಪಂಚಿನ ತಲೆ ಹಾರಿದ್ದು ಹನ್ನೆರಡು ವರ್ಷದ ಹಿಂದೆ, ಒಂದು ಬೇಸಿಗೆ ರಜೆಯಲ್ಲಿ. ಅಂಕಿಯ ಪಂಚುಗಳ ಪೆಟ್ಟಿಗೆಯಲ್ಲಿ ಇರುವುದು ಒಂಬತ್ತೇ ತುಂಡು. ಆರನ್ನೇ ತಲೆಕೆಳಗು ಹಿಡಿದರೆ ಒಂಬತ್ತು. ಒಂಬತ್ತು ವರ್ಷದ ಮಗಳಿಗೆ ಅದು ಪವಾಡದ ಹಾಗೆ ಕಂಡಿತ್ತು, ದಿನವಿಡೀ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಒಂದು ದಿನ ತಗಡಿನ ಚೂರೊಂದರ ಮೇಲೆ ವರ್ಕ್‌ಶಾಪಿನ ಫೋನ್ ನಂಬರ್ ಹೊಡೆಯುತ್ತಿದ್ದಳಂತೆ, ಬಾಗಿಲಿಗೆ ನೇತುಹಾಕಲು, ಅಪ್ಪನಿಗೆ ಗೊತ್ತಾಗದ ಹಾಗೆ. ತಗಡು ಜಾರಿ ಪಂಚು ನೇರ ಅಡಿಯ ಉಕ್ಕಿನ ದಿಮ್ಮಿಗೆ ಬಿದ್ದು, ತುದಿ ಟಣ್ ಎಂದು ಹಾರಿ ಅವಳ ಕಿವಿಯ ಪಕ್ಕದಿಂದ ಹೋಯಿತು. ಕಣ್ಣಿಗೆ ಬಿದ್ದಿದ್ದರೆ ಎಂದು ಅವನ ಎದೆ ಧಸಕ್ಕೆಂದದ್ದು ನಿಜ. ಆದರೆ ಬಾಯಲ್ಲಿ ಬಂದದ್ದು ಅದಲ್ಲ. ಆಗ ಇಬ್ಬರು ಗಿರಾಕಿಗಳು ನಿಂತಿದ್ದರು. ಅವಳ ರಟ್ಟೆ ಹಿಡಿದು ಅವರ ಮುಂದೆ ನಿಲ್ಲಿಸಿ, "ನೋಡಿ, ನನ್ನ ತಕ್ಕಡಿಗೆ ಸಿಕ್ಕ ಕಮ್ಮಿ ತೂಕದ ಮಾಲು ಇದೊಂದೇ" ಎಂದ. ಎಲ್ಲರೂ ನಕ್ಕರು. ಲೇತಿನವನೂ ನಕ್ಕ. ಅವಳೂ ಎಲ್ಲರ ಮುಖ ನೋಡಿ, ನಗಬೇಕೆಂದು ತಿಳಿದು ನಕ್ಕಳು. ಆ ನಗು ಅವನಿಗೆ ಈಗಲೂ ಕಾಣುತ್ತದೆ, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇನ್ನೂ ಅರ್ಧ ಬಂದಿತ್ತು. ಮಾತು ಚೆನ್ನಾಗಿದೆ ಎಂದು ಮನೆಯಲ್ಲೂ ಹೇಳಿದ. ಅತ್ತೆ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲರ ಬಾಯಲ್ಲೂ ಅವಳು 'ಕಮ್ಮಿ ತೂಕ' ಆದಳು. "ಮಾತು ಆಡಿದರೆ ಹೋಯ್ತು ಅಂತಾರೆ, ನೋಡಿ ಮಾತಾಡಿ" ಎಂದು ಹೆಂಡತಿ ಒಂದು ಸಲ ಅಂದಳು, ಬೇಳೆ ಆರಿಸುತ್ತಾ, ತಲೆ ಎತ್ತದೆ. ತಮಾಷೆಗೆ ಎಂದ. ಪಂಚನ್ನು ಅವನು ಬದಲಾಯಿಸಲಿಲ್ಲ. ಮುಕ್ಕಾದ ಆರು ಇನ್ನೂ ಒಳ್ಳೆಯದೇ ಅನಿಸಿತ್ತು. ತಲೆ ಹಾರಿದ ಆರು ಬೇರೆ ಯಾರ ಹತ್ತಿರವೂ ಇರುವುದಿಲ್ಲ, ಯಾರೂ ನಕಲು ಮಾಡಲಾರರು. ಈ ಇಂಜಿನ್ನಿನ ರಾಡುಗಳೆಲ್ಲ ತೂಗುವುದು ಆರುನೂರ ಚಿಲ್ಲರೆ, ಹಾಗಾಗಿ ಪ್ರತಿಯೊಂದರ ಮೇಲೂ ಅದು ಬೀಳುತ್ತಿತ್ತು.

ಮೂರೂವರೆಗೆ ಗುಜರಿಯವನ ಪೆಟ್ಟಿಗೆ ಬಂತು. ಮಗಳೇ ಎದ್ದು ಬಂದು ಪೆಟ್ಟಿಗೆ ಬಿಚ್ಚಿದಳು, ಎಣ್ಣೆಬಟ್ಟೆ ಸುತ್ತಿದ ನಾಲ್ಕು ತೋಳುಗಳನ್ನು ಬೆಂಚಿನ ಮೇಲೆ ಸಾಲಾಗಿ ಮಲಗಿಸಿದಳು. ಕಪ್ಪಗೆ ಜಿಡ್ಡು ಹಿಡಿದಿದ್ದವು. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಅವಳು ಮೊದಲನೆಯದನ್ನು ತಿಕ್ಕುತ್ತಿರುವಾಗ ಅವನು ಪಕ್ಕದಲ್ಲಿ ನಿಂತು, ದೊಡ್ಡ ಬಾಯಿ ದುಂಡಗಿದೆಯೇ, ಬೋಲ್ಟಿನ ಹಲ್ಲು ಸವೆದಿದೆಯೇ ಎಂದು ನೋಡುತ್ತಿದ್ದ. ಬೆಳಗಿನಿಂದ ಮೊದಲ ಸಲ ಉಸಿರು ಹೊಟ್ಟೆಯ ತನಕ ಇಳಿದಂತಾಯಿತು. ದುಂಡಗಿತ್ತು. ಹಲ್ಲು ಸವೆದಿರಲಿಲ್ಲ. ಆಗ ಅವಳ ಬ್ರಷ್ಷು ನಿಂತಿತು.

"ಅಪ್ಪ, ಇದು ನಾನು ಮುರಿದ ಆರು."

ಜಿಡ್ಡಿನಡಿಯಿಂದ ಮೇಲೆದ್ದಿತ್ತು. 671. ಆರಕ್ಕೆ ತಲೆ ಇರಲಿಲ್ಲ. ಉಳಿದ ಮೂರನ್ನೂ ಅವಳು ತಿಕ್ಕಿದಳು. 671, 671, 671. ಈ ಜಾತಿಯ ಇಂಜಿನ್ ಬಿಚ್ಚುವವನು ಅವನೊಬ್ಬನೇ ಎಂದ ಮೇಲೆ ಇನ್ನಾರ ಗುರುತು ಬರಬೇಕಿತ್ತು? ತಾನೇ ಹೊಡೆದದ್ದು ಗುಜರಿಗೆ ಹೋಗಿ, ಮರೆತು, ತನಗೇ ಬದಲಿಯಾಗಿ ವಾಪಸು ಬಂದಿದೆ. ಇದು ಯಾರ ಕಾರಿನದು, ಆ ಕಾರು ಯಾಕೆ ಗುಜರಿಗೆ ಹೋಯಿತು, ಅದರಲ್ಲಿ ಯಾರು ಕೂತಿದ್ದರು? ಗುರು ಸತ್ತ ಮೇಲಿನ ಹದಿನಾರು ವರ್ಷದಲ್ಲಿ ಎಷ್ಟು ಇಂಜಿನ್? ನಲವತ್ತು? ಒಂದಕ್ಕೆ ನಾಲ್ಕರ ಹಾಗೆ ನೂರಾ ಅರವತ್ತು ತೋಳುಗಳು ಈ ಹೊತ್ತಿನಲ್ಲಿ, ಅವನು ಇಲ್ಲಿ ನಿಂತಿರುವಾಗ, ಎಲ್ಲೋ ಏರುತ್ತಾ ಇಳಿಯುತ್ತಾ ಇವೆ. ಕಾರುಗಳು ಕೈಯಿಂದ ಕೈಗೆ ಹೋಗಿವೆ, ಊರು ಬಿಟ್ಟಿವೆ. ಯಾವ ಬಾಗಿಲು ತಟ್ಟಿ ಯಾರಿಗೆ ಹೇಳುವುದು, ನಿಮ್ಮ ಇಂಜಿನ್ನಿನ ಹೊಟ್ಟೆಯಲ್ಲಿ ನನ್ನ ರುಜು ಇದೆ, ದಯವಿಟ್ಟು ಗುಡ್ಡ ಹತ್ತಬೇಡಿ ಎಂದು? ಡಾಕ್ಟರ ಹೆಂಡತಿ ತಲೆಗೆ ಕಟ್ಟಿಕೊಳ್ಳುವ ನೀಲಿ ಬಟ್ಟೆ ನೆನಪಾಯಿತು. ಕಾರು ಹೊರಡುವಾಗ ಅವರು ಪ್ರತಿ ಸಲವೂ ಅವನ ಕಡೆ ಕೈ ಬೀಸುತ್ತಿದ್ದರು, ಮಕ್ಕಳ ಹಾಗೆ, ಬೆರಳುಗಳನ್ನಷ್ಟೇ ಆಡಿಸಿ.

ಅವನು ತಿರುಗುವಷ್ಟರಲ್ಲಿ ಮಗಳು ತಕ್ಕಡಿಯ ಹತ್ತಿರ ಹೋಗಿದ್ದಳು. ಹೋಲಿಸಿ ನೋಡಲು ಹೋದಳೋ ಏನೋ, ರಾಡಿನ ಮೇಲಿನ ಬಟ್ಟೆ ಎತ್ತಿದ್ದಳು. ಬಿಳಿ ಪುಡಿ ಇನ್ನೂ ಹಾಗೇ ಇತ್ತು, ಅದರ ಮೇಲೆ ಕೆಂಪು ಗೆರೆ ನಿನ್ನೆಗಿಂತ ಸ್ವಲ್ಪ ಹರಡಿತ್ತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳಿಗೆ ಇದನ್ನೆಲ್ಲ ಅವನು ಕೂರಿಸಿ ಕಲಿಸಿರಲಿಲ್ಲ. ನೋಡಿ ನೋಡಿ ಕಲಿತಿದ್ದಳು, ಕೇಳದೆ.

"ಇದು ಬಿರುಕು."

"ಹ್ಞೂಂ."

"ವಯಸ್ಸಾಗಿ ಅಂದ್ರಲ್ಲ ಡಾಕ್ಟ್ರಿಗೆ?"

ಅವಳು ರಾಡನ್ನು ಇನ್ನಷ್ಟು ಓರೆ ಮಾಡಿದಳು. ಬೆಳಕು ಆರರ ಮುಕ್ಕಿನ ಮೇಲೆ ಬಿತ್ತು. "ಇಲ್ಲಿಂದಲೇ ಶುರುವಾಗಿದೆ. ಮುಕ್ಕು ಇರೋ ಕಡೆಯಿಂದಲೇ. ಎಂಟಕ್ಕೂ ಏನೂ ಆಗಿಲ್ಲ, ನಾಲ್ಕಕ್ಕೂ ಏನೂ ಆಗಿಲ್ಲ." ಆಮೇಲೆ ತುಂಬಾ ಮೆಲ್ಲಗೆ, ಬೆಲೆ ಕೇಳುವವರ ಹಾಗೆ ಕೇಳಿದಳು. "ನನ್ನಿಂದ ಆಯ್ತಾ ಅಪ್ಪ?"

ಲೇತು ನಿಂತಿತು. ನಿಂತ ಮೇಲೆ ಅದು ಇಷ್ಟು ಹೊತ್ತು ಎಷ್ಟು ಸದ್ದು ಮಾಡುತ್ತಿತ್ತೆಂದು ಗೊತ್ತಾಯಿತು. ಇಲ್ಲ ಎಂಬ ಎರಡಕ್ಷರ ಅವನ ನಾಲಿಗೆಯ ತುದಿಯಲ್ಲಿತ್ತು. ಇಲ್ಲ ಕಂದ, ಪಂಚು ಮುಕ್ಕಾಗಿದ್ದಕ್ಕಲ್ಲ, ಎಲ್ಲಿ ಹೊಡೆಯಬಾರದೋ ಅಲ್ಲಿ ಹೊಡೆದದ್ದಕ್ಕೆ, ಹೊಡೆಯಬಾರದು ಎಂದು ಗೊತ್ತಿದ್ದೂ ಹೊಡೆದದ್ದಕ್ಕೆ. ಹೊಸ ಪಂಚಿನಿಂದ ಹೊಡೆದಿದ್ದರೂ ಇವತ್ತಲ್ಲ ನಾಳೆ ಇದೇ ಆಗುತ್ತಿತ್ತು. ಇಷ್ಟೇ ಹೇಳಬೇಕಾಗಿದ್ದದ್ದು. ಲೇತಿನವನು ತನ್ನ ಮುಖವನ್ನೇ ನೋಡುತ್ತಿದ್ದಾನೆ ಎಂಬುದು ಬೆನ್ನಿಗೆ ತಿಳಿಯುತ್ತಿತ್ತು. ನಾಲ್ಕು ಬೆರಳಿನ ಮುದುಕ ಆ ಮಾತು ಆಡುವಾಗ ಅವನೂ ಅಲ್ಲಿದ್ದ, ಇನ್ನೂ ಚಿಗುರುಮೀಸೆಯವನು. "ಅದು ಏನಂದ್ರೆ..." ಎಂದು ಶುರು ಮಾಡಿದ. ದನಿ ಗಿರಾಕಿಗಳಿಗೆ ತಿಳಿಸಿ ಹೇಳುವಾಗಿನ ದನಿಯಾಗಿತ್ತು. "ಮುಕ್ಕಾದ ತುದಿ ಚೂಪಾಗಿರುತ್ತೆ ನೋಡು. ಅಲ್ಲಿ ಸ್ವಲ್ಪ ಹೆಚ್ಚು ಆಳಕ್ಕೆ ಇಳಿಯುತ್ತೆ. ಅದೂ ಒಂದು ಕಾರಣ ಇರಬಹುದು. ಅದೊಂದೇ ಅಂತಲ್ಲ." ಒಂದಕ್ಷರವೂ ಸುಳ್ಳಾಗಿರಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅವಳು ತಲೆಯಾಡಿಸಿದಳು. ಬೇಸರವೂ ಇರಲಿಲ್ಲ ಅವಳ ಮುಖದಲ್ಲಿ, ಬಹಳ ದಿನದಿಂದ ಕಾಯುತ್ತಿದ್ದ ಕಾಗದ ಕೊನೆಗೂ ಬಂದಿತೆಂಬಂತೆ ಇತ್ತು. ಲೇತಿನವನು ಏನೋ ಅನ್ನಲು ಹೋಗಿ, ಬಗ್ಗಿ ಮಿಷನ್ ಮತ್ತೆ ಹಾಕಿದ. ಸದ್ದು ಎಲ್ಲವನ್ನೂ ಮುಚ್ಚಿತು. ಹೇಳುತ್ತೇನೆ, ಲೇತು ನಿಂತ ಕೂಡಲೇ ಹೇಳುತ್ತೇನೆ, ಚಹಾ ಕುಡಿಯುವಾಗ ಸರಿಯಾಗಿ ಕೂತು ಹೇಳುತ್ತೇನೆ ಎಂದುಕೊಂಡ. ಚಹಾ ಬಂತು, ಕುಡಿದಾಯಿತು. ಅವಳ ಲೋಟದಲ್ಲಿ ಅರ್ಧ ಹಾಗೇ ಉಳಿದು ಕೆನೆ ಕಟ್ಟಿತು.

ಐದಕ್ಕೆ ಸರಿಯಾಗಿ ಫೋನ್ ಬಡಿದುಕೊಂಡಿತು. ಅವನು ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಬಟ್ಟೆ ಮಗಳ ಹತ್ತಿರವಿತ್ತು, ಫೋನೂ ಅವಳ ಮೇಜಿನ ಮೇಲೆಯೇ ಇತ್ತು. ನೀರು ಕುಡಿಯಲು ಏಳುತ್ತಾಳೆ ಎಂದುಕೊಂಡ. ಅವಳು ಎದ್ದಳು, ಆದರೆ ಹಿಂದಕ್ಕೆ ಹೋಗಲಿಲ್ಲ. ಎಡಗೈಯಲ್ಲಿ ಬಿರುಕಿನ ರಾಡು ಇದ್ದಂತೆಯೇ ಬಲಗೈಯಲ್ಲಿ ಫೋನ್ ಎತ್ತಿಕೊಂಡಳು.

"ನಮಸ್ಕಾರ ಡಾಕ್ಟ್ರೇ. ನಾನು ಅವರ ಮಗಳು." ದನಿ ಮೊದಲು ನಡುಗಿ, ಆಮೇಲೆ ತನ್ನ ಜಾಗ ಹುಡುಕಿಕೊಂಡಿತು. "ಇಲ್ಲೇ ಇದ್ದಾರೆ, ಕೈಯೆಲ್ಲ ಎಣ್ಣೆ. ಹ್ಞಾಂ, ನೋಡಿದ್ವಿ. ಹಳೇ ಸೆಟ್ ಬೇಡ ಡಾಕ್ಟ್ರೇ, ಅದರಲ್ಲೂ ಇದೇ ತೊಂದರೆ ಇರಬಹುದು. ಹೊಸದೇ ತರಿಸೋಣ, ತಿಂಗಳಾಗುತ್ತೆ. ಇಲ್ಲ, ವಯಸ್ಸಾಗಿ ಅಲ್ಲ. ನಿಮ್ಮ ರಾಡಲ್ಲಿ ಬಿರುಕಿದೆ. ತಪ್ಪು ನಮ್ಮ ಕಡೆಯಿಂದಲೇ ಆಗಿದ್ದು. ಅಪ್ಪ ನಂಬರ್ ಹೊಡೆಯೋ ಪಂಚು ಇತ್ತಲ್ಲ, ಅದನ್ನ ನಾನು ಚಿಕ್ಕವಳಿದ್ದಾಗ ಮುಕ್ಕು ಮಾಡಿಬಿಟ್ಟಿದ್ದೆ..."

ಅವನು ಮೇಜಿನ ತನಕ ಬಂದಿದ್ದ. ಮೂರು ತಿಂಗಳಲ್ಲಿ, ಮೂರು ತಿಂಗಳೇಕೆ, ಹನ್ನೆರಡು ವರ್ಷದಲ್ಲಿ ಅವಳು ಹೊರಗಿನವರ ಹತ್ತಿರ ಇಷ್ಟು ಮಾತು ಒಟ್ಟಿಗೆ ಆಡಿದ್ದು ಅವನು ಕೇಳಿರಲಿಲ್ಲ. ಎಲ್ಲೂ ತಡವರಿಸದೆ, ಯಾರಾದರೂ ನಗಲಿ ಎಂದು ಕಾಯದೆ, ಒಂದೊಂದೇ ಪದವನ್ನು ಎತ್ತಿ ಇಡುತ್ತಿದ್ದಳು. ಅತ್ತ ಕಡೆಯಿಂದ ಡಾಕ್ಟರು ಏನೋ ಸಮಾಧಾನ ಹೇಳುತ್ತಿದ್ದಿರಬೇಕು, "ಅಯ್ಯೋ ಮಗು" ಎಂಬುದಷ್ಟೇ ಅವನಿಗೆ ಕೇಳಿಸಿತು. ಕೊಡು, ಎಂದ. ಲೇತಿನ ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ. ಫೋನಿಗಾಗಿ ಕೈ ಚಾಚಿದ.

ಅವಳು ಆ ಕೈಯನ್ನು ನೋಡಿದಳು. ಮಾತು ನಿಲ್ಲಿಸದೆಯೇ, ಕೇಳಿದ್ದು ಇದನ್ನೇ ಎಂಬಂತೆ, ಎಡಗೈಯಲ್ಲಿದ್ದ ರಾಡನ್ನು ಜೋಪಾನವಾಗಿ ಅವನ ಅಂಗೈಯ ಮೇಲಿಟ್ಟು, ಇನ್ನೊಂದು ಕಿವಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಬಿಳಿ ಪುಡಿ ಅವನ ಬೆರಳಿಗೆ ಹತ್ತಿತು. ತಕ್ಕಡಿ ಬೇಕಾಗಲಿಲ್ಲ. ಆರುನೂರ ಎಂಬತ್ತನಾಲ್ಕು ಎಂದಿತು ಕೈ.